ಸಂದಿಯಲ್ಲಿ ಸಿಕ್ಕಿದ್ದು: ಕೋಳಿಗೂಡು ಬಿಚ್ಚಿ ತೊಳೆದು ಮತ್ತೆ ಜೋಡಿಸಿದ ಮೂರು ವಾರ

ಈ ಸಲದ ಹಿತ್ತಲ ಸ್ವಚ್ಛತೆ ಶುರುವಾದದ್ದು ಒಂದು ಸ್ಕ್ರೂನಿಂದ. ಚುಕ್ಕಿ ಕೊಕ್ಕಿನಲ್ಲಿ ಏನೋ ಹೊಳೆಯುವುದನ್ನು ಕಚ್ಚಿಕೊಂಡು ಓಡುತ್ತಿದ್ದಳು. ಅವಳ ಹಿಂದೆ ಉಳಿದ ಐದು ಕೋಳಿಗಳು, ಅವುಗಳ ಹಿಂದೆ ನಾನು. ಒಂದಕ್ಕೆ ಏನಾದರೂ ಸಿಕ್ಕಿದರೆ ಅದು ಹುಳುವೋ ಕಲ್ಲೋ ಅಂತ ಬೇರೆಯವು ವಿಚಾರಿಸುವುದಿಲ್ಲ. ಮೊದಲು ಓಟ, ಆಮೇಲೆ ಮಾತು. ಎರಡು ಸುತ್ತು ಹೊಡೆದ ಮೇಲೆ ಅವಳೇ ಅದನ್ನು ಬೀಳಿಸಿದಳು. ಮುಕ್ಕಾಲು ಇಂಚಿನ ಸ್ಕ್ರೂ. ತುದಿ ಇನ್ನೂ ಚೂಪಾಗಿಯೇ ಇತ್ತು.

ನುಂಗಿದ್ದರೆ ಅದು ಹೋಗಿ ಕೂರುವುದು ಕಂದನಕಾಯಿಯಲ್ಲಿ. ಕೋಳಿಗೆ ಹಲ್ಲಿಲ್ಲ, ಕಾಳನ್ನು ಅರೆಯುವುದು ಅದೇ. ಸಣ್ಣ ಕಲ್ಲುಗಳ ಜೊತೆ ಸ್ಕ್ರೂ ಕೂಡ ದಿನಗಟ್ಟಲೆ ಅಲ್ಲೇ ತಿರುಗುತ್ತದೆ. ತುದಿ ಗೋಡೆಗೆ ಚುಚ್ಚಬಹುದು. ಮೇಲೆ ಸತುವಿನ ಲೇಪ ಇದ್ದರೆ ಅದು ಹೊಟ್ಟೆಯ ಆಮ್ಲಕ್ಕೆ ಕರಗಿ ವಿಷವೂ ಆಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಗೂಡಿನ ಹಿಂದೆ ಆ ರಾಶಿಯನ್ನು ಬೆಳೆಸಿದ್ದೆ.

ರಾಶಿ ಅಂದರೆ ಏನು ಅಂತ ಹಿತ್ತಲು ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. 'ಇರಲಿ, ಮುಂದೆ ಬೇಕಾಗುತ್ತೆ' ಅಂತ ಇಟ್ಟದ್ದು. ಮುರಿದ ಕಪಾಟಿನ ಕದ, ಅರ್ಧ ಹಲಗೆಗಳು, ಹಳೆಯ ಬಾಗಿಲು, ತುಕ್ಕು ಹಿಡಿದ ಜಾಲರಿ ಸುರುಳಿ, ಖಾಲಿ ಆಹಾರದ ಚೀಲಗಳು, ಒಡೆದ ಬಕೆಟ್, ಯಾವುದೋ ಪೆಟ್ಟಿಗೆ ಜೊತೆ ಬಂದ ಥರ್ಮೋಕೋಲ್. ಚಳಿ ಪೂರ್ತಿ ಅದರ ಮೇಲೆ ಟಾರ್ಪಾಲಿನ್ ಹೊದಿಸಿ ಕಣ್ಣಿಗೆ ಕಾಣದ ಹಾಗೆ ಮಾಡಿದ್ದೆ. ಈಗ ಬಿಸಿಲು ಏರಿದೆ, ನೆಲ ಒಣಗಿದೆ, ನೆಪ ಉಳಿದಿಲ್ಲ.

ಮೊದಲ ಶನಿವಾರ: ರಾಶಿ

ಮೊದಲ ತಪ್ಪು ಹತ್ತು ನಿಮಿಷದೊಳಗೆ ಆಯಿತು. ಕೋಳಿಗಳನ್ನು ಕೂಡಿಹಾಕದೆ ಕೆಲಸಕ್ಕೆ ಇಳಿದೆ. ಮೊದಲ ಹಲಗೆ ಎತ್ತಿದ್ದೇ ತಡ, ಆರೂ ಬಂದು ಅಡಿಯಲ್ಲಿದ್ದ ಹುಳುಗಳಿಗೆ ಮುಗಿಬಿದ್ದವು. ನೋಡಲು ಖುಷಿಯೇ. ಆದರೆ ಹುಳುವಿನ ಜೊತೆ ಅಲ್ಲಿ ಮೊಳೆ, ತಂತಿ ತುಂಡು, ಗಾಜಿನ ಚೂರು ಎಲ್ಲ ಇದ್ದವು. ನಾನು ವಿಂಗಡಿಸಿ ಇಟ್ಟ ಸಣ್ಣ ಗುಡ್ಡೆಗಳನ್ನೂ ಕಾಲಿಂದ ಕೆದಕಿ ಒಂದು ಮಾಡಿದವು. ಕೊನೆಗೆ ಅವನ್ನೆಲ್ಲ ಹಿಡಿದು ಹಿತ್ತಲ ಆಚೆ ಬದಿಗೆ ಬಲೆ ಕಟ್ಟಿ ಬಿಟ್ಟೆ. ಈ ಕೆಲಸವನ್ನು ಮೊದಲೇ ಮಾಡಿಕೊಳ್ಳಿ.

ವಿಂಗಡಿಸಲು ಒಂದೇ ಪ್ರಶ್ನೆ ಇಟ್ಟುಕೊಂಡೆ: ಈ ತಿಂಗಳೊಳಗೆ ಇದನ್ನು ಯಾವುದಕ್ಕೆ ಹಾಕುತ್ತೇನೆ? ಉತ್ತರ ತಕ್ಷಣ ಬಂದರೆ ಉಳಿಯುತ್ತದೆ. 'ಯಾವತ್ತಾದರೂ' ಅಂತ ಬಂದರೆ ಹೋಗುತ್ತದೆ. ಕೇಳಲು ಸುಲಭ. ಹಳೆಯ ಬಾಗಿಲ ಮುಂದೆ ಮಾತ್ರ ಅರ್ಧ ಗಂಟೆ ನಿಂತಿದ್ದೆ. ಒಳ್ಳೆಯ ಮರ. ಆದರೆ ಮೇಲಿನ ಬಣ್ಣ ಎಷ್ಟು ಹಳೆಯದು ಅಂದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಹಿಂದಿನ ಕಾಲದ ಎಣ್ಣೆಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಕೋಳಿ ಚಕ್ಕೆ ಹೆಕ್ಕುತ್ತದೆ, ಸೀಸ ಮೈಗೆ ಸೇರುತ್ತದೆ, ಅಲ್ಲಿಂದ ಮೊಟ್ಟೆಯ ಹಳದಿಗೂ ಬರುತ್ತದೆ. ಅದನ್ನು ಉಜ್ಜಿ ತೆಗೆಯಲು ಹೋದರೆ ದೂಳು ನನ್ನ ಮೂಗಿಗೆ. ಬಾಗಿಲು ಹೋಯಿತು. ಹಸಿರು ಛಾಯೆ ಇದ್ದ ಎರಡು ಹಳೆಯ ಕಂಬದ ತುಂಡುಗಳೂ ಹೋದವು. ಗೆದ್ದಲು ಹಿಡಿಯದಿರಲಿ ಅಂತ ಅಂಥ ಮರಕ್ಕೆ ಹಿಂದೆ ಆರ್ಸೆನಿಕ್ ಸೇರಿಸುತ್ತಿದ್ದರು. ಅದನ್ನು ಗೂಡಿಗೂ ಬಳಸಬಾರದು, ಒಲೆಗೂ ಹಾಕಬಾರದು.

ಥರ್ಮೋಕೋಲ್ ಬಗ್ಗೆ ಒಂದು ಮಾತು. ಕೋಳಿಗಳಿಗೆ ಅದರ ಮೇಲೆ ಯಾಕಿಷ್ಟು ಆಸೆಯೋ ದೇವರಿಗೇ ಗೊತ್ತು. ಕಾಳು ಬಿಟ್ಟು ಅದನ್ನು ಕುಕ್ಕುತ್ತವೆ. ನನ್ನ ಹಾಳೆಯ ಒಂದು ಮೂಲೆ ಇಲಿ ತಿಂದ ಹಾಗೆ ಇತ್ತು. ನೋಡಿದರೆ ಇಲಿಯಲ್ಲ, ಪೂರ್ತಿ ಕೊಕ್ಕಿನ ಗುರುತು. ಚೀಲಗಳ ಬಾಯಿಗೆ ಹೊಲಿದ ದಾರವೂ ಹಾಗೆಯೇ. ಉದ್ದ ದಾರ ನುಂಗಿದರೆ ಕೊರಳ ಚೀಲದಲ್ಲಿ ಸುತ್ತಿಕೊಂಡು ಗಂಟಾಗುತ್ತದೆ, ಇಲ್ಲವೇ ನಾಲಿಗೆಗೋ ಕಾಲಿಗೋ ಬಿಗಿಯುತ್ತದೆ. ಇನ್ನು ಮೇಲೆ ಚೀಲ ಬಿಚ್ಚಿದ ದಾರ ನೇರ ಜೇಬಿಗೆ ಅಂತ ನಿಯಮ ಮಾಡಿಕೊಂಡಿದ್ದೇನೆ.

ರಾಶಿಯ ತಳದ ಹಲಗೆ ನೆಲಕ್ಕೆ ಅಂಟಿಕೊಂಡಿತ್ತು. ಎಬ್ಬಿಸಿದಾಗ ಅಡಿಯಲ್ಲಿ ನುಣ್ಣಗೆ ತಿದ್ದಿದಂಥ ಎರಡು ದಾರಿಗಳು ಕಂಡವು. ಒಂದು ಗೂಡಿನ ಕಡೆಗೆ, ಒಂದು ಆಹಾರದ ಡಬ್ಬಿಯ ಕಡೆಗೆ. ಹೆಗ್ಗಣ. ನಾನು ಚಳಿಯಲ್ಲಿ ನೆನೆಯದಿರಲಿ ಅಂತ ಟಾರ್ಪಾಲಿನ್ ಹೊದಿಸಿದ್ದು ಹಲಗೆಗೆ, ಬೆಚ್ಚಗೆ ಮಲಗಿದ್ದು ಅದು.

ಎಲ್ಲ ತೆಗೆದ ಮೇಲೆ ನೆಲ ಬರಿಗಣ್ಣಿಗೆ ಚೊಕ್ಕವಾಗಿಯೇ ಕಂಡಿತು. ನಂಬಲಿಲ್ಲ. ಕೆಟ್ಟ ಸ್ಪೀಕರ್ ಒಂದರಿಂದ ಬಿಚ್ಚಿಟ್ಟಿದ್ದ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರ್‌ನೊಳಗೆ ಹಾಕಿ ಕೋಲಿಗೆ ಕಟ್ಟಿದೆ. ಕವರ್ ಯಾಕೆಂದರೆ, ಅದನ್ನು ಒಳಮೈ ಹೊರಗೆ ಮಾಡಿ ತೆಗೆದರೆ ಅಂಟಿದ್ದೆಲ್ಲ ಒಟ್ಟಿಗೆ ಬಿಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಕಬ್ಬಿಣದ ಪುಡಿಯನ್ನು ಉಗುರಿನಲ್ಲಿ ಕೆರೆಯುತ್ತಾ ಕೂರಬೇಕು. ಕುಂಟೆ ಎಳೆದ ಹಾಗೆ ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಎಳೆದೆ. ನಲವತ್ತಮೂರು ತುಂಡು ಸಿಕ್ಕಿದವು. ಹೆಚ್ಚಿನವು ಜಾಲರಿ ಹೊಡೆಯುವಾಗ ನಾನೇ ಕತ್ತರಿಸಿ ಬೀಳಿಸಿದ ತಂತಿ ಚೂರುಗಳು. ಅಯಸ್ಕಾಂತಕ್ಕೆ ಹಿತ್ತಾಳೆ, ಅಲ್ಯೂಮಿನಿಯಂ, ಗಾಜು ಸಿಗುವುದಿಲ್ಲ. ಅವನ್ನು ಬಿಸಿಲು ಓರೆಯಾಗಿ ಬೀಳುವ ಸಂಜೆ ಹೊತ್ತಿನಲ್ಲಿ ಹೊಳಪು ನೋಡಿ ಹೆಕ್ಕಿದೆ.

ಭಾನುವಾರ: ಗೂಡು ಖಾಲಿ

ನನ್ನ ಗೂಡು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಒಂದು ಕೋಳಿಗೆ ನಾಲ್ಕು ಚದರಡಿ ಲೆಕ್ಕದಲ್ಲಿ ಆರಕ್ಕೆ ಸರಿಹೋಗುತ್ತದೆ. ಏಳನೆಯದಕ್ಕೆ ಜಾಗ ಇಲ್ಲ, ಆಸೆ ಮಾತ್ರ ಇದೆ.

ಬಾಗಿಲು ತೆರೆದು ನಿಂತಾಗ ವಾಸನೆ ಅಷ್ಟೇನೂ ಇರಲಿಲ್ಲ. ಮಂಡಿಯೂರಿ ಮುಖವನ್ನು ಕೋಳಿಯ ಎತ್ತರಕ್ಕೆ ತಂದಾಗ ಕಣ್ಣು ಉರಿಯಿತು. ಅಮೋನಿಯ. ಹಿಕ್ಕೆ ಒದ್ದೆಯಾಗಿ ಕೊಳೆತಾಗ ಬರುವುದು. ಗೂಡಿನ ಗಾಳಿಯಲ್ಲಿ ಅದು 10 ಲಕ್ಷ ಭಾಗಕ್ಕೆ 25 ಭಾಗ ಮೀರಬಾರದು ಅಂತ ಕೋಳಿ ಸಾಕುವವರು ಒಂದು ಮಿತಿ ಇಟ್ಟುಕೊಂಡಿದ್ದಾರೆ. ನನ್ನ ಹತ್ತಿರ ಅಳೆಯುವ ಉಪಕರಣ ಇಲ್ಲ. ಕಣ್ಣು ಉರಿದರೆ ಜಾಸ್ತಿಯಾಗಿದೆ ಅಂತ ಅರ್ಥ, ಅಷ್ಟು ಸಾಕು. ಕೋಳಿಗಳು ಇಡೀ ರಾತ್ರಿ ಅದನ್ನೇ ಉಸಿರಾಡುತ್ತವೆ.

ಒಣ ಹಿಕ್ಕೆಯ ದೂಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದರಲ್ಲಿ ಶ್ವಾಸಕೋಶಕ್ಕೆ ಇಳಿಯುವ ಬೂಷ್ಟಿನ ಬೀಜಗಳು ಇರಬಹುದು. ಹಾಗಾಗಿ ಮೊದಲು ಗಿಡಕ್ಕೆ ಹೊಡೆಯುವ ಸ್ಪ್ರೇಯರ್‌ನಿಂದ ತೆಳ್ಳಗೆ ನೀರು ಹೊಡೆದೆ. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಹಾಕಿದೆ, ಬಟ್ಟೆ ಕಟ್ಟಿಕೊಂಡರೆ ಆಗುವುದಿಲ್ಲ. ಮೇಲಿಂದ ಕೆಳಗೆ ಬಂದೆ: ಮೊದಲು ಸೂರಿನ ಜೇಡರ ಬಲೆ, ಆಮೇಲೆ ಗೋಡೆ, ಕೊನೆಗೆ ನೆಲ. ನೆಲದಿಂದ ಶುರು ಮಾಡಿದವರು ಎರಡು ಸಲ ಗುಡಿಸುತ್ತಾರೆ.

ನೀರು ಸುರಿದು ತೊಳೆಯುವ ಮೊದಲು ಅಂಟಿದ್ದನ್ನೆಲ್ಲ ಕೆರೆದು ತೆಗೆಯಬೇಕು. ಹಿಕ್ಕೆಯ ಪದರ ಉಳಿದಿದ್ದರೆ ಯಾವ ಸೋಂಕುನಾಶಕವೂ ಅದರಡಿಗೆ ಇಳಿಯುವುದಿಲ್ಲ. ಬ್ಲೀಚ್ ಹಾಕುವ ಅಭ್ಯಾಸ ಇರುವವರಿಗೆ ಇನ್ನೊಂದು ಕಾರಣ: ಬ್ಲೀಚ್ ಮತ್ತು ಅಮೋನಿಯ ಸೇರಿದರೆ ಕ್ಲೋರಮೀನ್ ಎಂಬ ವಿಷಗಾಳಿ ಏಳುತ್ತದೆ. ಬ್ಲೀಚಿಗೆ ವಿನಿಗರ್ ಸೇರಿದರೆ ಕ್ಲೋರಿನ್. ಎರಡೂ ಮುಚ್ಚಿದ ಪುಟ್ಟ ಗೂಡಿನೊಳಗೆ ತಲೆ ಹಾಕಿ ಕೂತವನಿಗೆ ಒಳ್ಳೆಯದಲ್ಲ. ನಾನು ಬ್ಲೀಚ್ ಬಿಟ್ಟು ಬರೀ ಸೋಪಿನ ನೀರಿಗೆ ಇಳಿದಿದ್ದೇನೆ.

ತೆಗೆದದ್ದು ನಾಲ್ಕು ತಳ್ಳುಗಾಡಿ. ಎಲ್ಲ ಕಾಂಪೋಸ್ಟ್ ಮೂಲೆಗೆ. ಬರೀ ಕೋಳಿ ಹಿಕ್ಕೆಯಲ್ಲಿ ಸಾರಜನಕ ಜಾಸ್ತಿ. ಅದಕ್ಕೆ ಹೋಲಿಸಿದರೆ ಇಂಗಾಲ ಹತ್ತು ಪಟ್ಟೂ ಇರುವುದಿಲ್ಲ. ರಾಶಿ ಚೆನ್ನಾಗಿ ಕಾಯಬೇಕಾದರೆ ಇಂಗಾಲ 25ರಿಂದ 30 ಪಟ್ಟು ಬೇಕು. ಮರದ ಹೊಟ್ಟು ಬೆರೆತದ್ದರಿಂದ ಅದು ತಾನಾಗಿ ಹತ್ತಿರಕ್ಕೆ ಬಂದಿತ್ತು. ಸ್ವಲ್ಪ ಒಣ ಎಲೆ ಸೇರಿಸಿ ನೀರು ಚಿಮುಕಿಸಿದೆ. ಮೂರನೇ ದಿನ ಕಂಬಿ ಚುಚ್ಚಿ ತೆಗೆದು ಮುಟ್ಟಿದರೆ ಕೈ ಹಿಂದಕ್ಕೆ ಬಂತು. ರಾಶಿಯ ಒಳಗೆ 55 ಡಿಗ್ರಿ ದಾಟಿ ಹಲವು ದಿನ ನಿಂತರೆ ರೋಗಾಣುಗಳು ಸಾಯುತ್ತವೆ. ಅಂಚು ಒಳಗೆ ಬರುವ ಹಾಗೆ ಮಗುಚುತ್ತಿರಬೇಕು. ಹಸಿ ಹಿಕ್ಕೆಯನ್ನೇ ನೇರ ತರಕಾರಿ ಮಡಿಗೆ ಹಾಕುವವರು, ನೆಲಕ್ಕೆ ತಾಗುವ ಬೆಳೆಯಾದರೆ ಕೊಯ್ಲಿಗೆ ಮುಂಚೆ 120 ದಿನ ಬಿಡಬೇಕು.

ಇಲ್ಲಿಯವರೆಗೆ ಎಲ್ಲ ಮಾಮೂಲಿ. ಕೂರುವ ಕೋಲನ್ನು ಗೋಡೆಯಿಂದ ಕಿತ್ತಾಗ ಕಥೆ ಬದಲಾಯಿತು.

ಕೋಲಿನ ತುದಿ

ಹಳೆಯ ಕೋಲುಗಳು ಎರಡು, ಏಣಿಯ ಹಾಗೆ ಒಂದರ ಮೇಲೊಂದು. ಎರಡನ್ನೂ ಗೋಡೆಯ ತುಂಡುಮರಕ್ಕೆ ಮೊಳೆ ಹೊಡೆದು ಕೂರಿಸಿದ್ದೆ. ಮೊಳೆ ಕಿತ್ತು ತುದಿ ಎತ್ತಿದಾಗ ಒಳಗೆ ಬೂದಿ ಬಳಿದ ಹಾಗೆ ಏನೋ ಇತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದೆ. ಬೂದಿ ನಡೆಯಲು ಶುರುಮಾಡಿತು.

ಕೆಂಪು ನುಸಿ. ಹೆಸರು ಕೆಂಪು, ಹಸಿದಾಗ ಬಣ್ಣ ಬೂದಿ. ರಕ್ತ ಕುಡಿದ ಮೇಲೆ ಕೆಂಪಾಗುತ್ತದೆ. ಒಂದು ಮಿಲಿಮೀಟರಿಗಿಂತ ಸಣ್ಣದು. ಇದು ಹೇನಿನ ಹಾಗೆ ಕೋಳಿಯ ಮೈಮೇಲೆ ವಾಸ ಮಾಡುವುದಿಲ್ಲ. ಹಗಲೆಲ್ಲ ಸಂದಿಯಲ್ಲಿ ಇರುತ್ತದೆ, ರಾತ್ರಿ ಹತ್ತಿ ರಕ್ತ ಹೀರಿ ಬೆಳಗಾಗುವುದರೊಳಗೆ ವಾಪಸ್. ಅದಕ್ಕೇ ಹಗಲಲ್ಲಿ ಕೋಳಿ ಹಿಡಿದು ರೆಕ್ಕೆ ಬಿಡಿಸಿ ನೋಡಿದರೆ ಏನೂ ಕಾಣುವುದಿಲ್ಲ. ನಾನು ಹಾಗೆಯೇ ನೋಡಿ 'ಚೆನ್ನಾಗಿವೆ' ಅಂದುಕೊಂಡಿದ್ದೆ.

ಸುಳಿವು ಮಾತ್ರ ಎರಡು ವಾರದಿಂದ ಕಣ್ಣೆದುರೇ ಇತ್ತು. ಮುಸ್ಸಂಜೆಗೆ ಸಾಲಾಗಿ ಒಳಗೆ ಹೋಗುತ್ತಿದ್ದ ಕೋಳಿಗಳು ಬಾಗಿಲಲ್ಲಿ ತಡೆದು ನಿಲ್ಲುತ್ತಿದ್ದವು. ಹಗಲು ಉದ್ದವಾಗಿದೆ, ಆಟ ಮುಗಿದಿಲ್ಲ ಅಂತ ನಾನೇ ಕಾರಣ ಕೊಟ್ಟೆ. ಚುಕ್ಕಿಯ ಜುಟ್ಟು ಸ್ವಲ್ಪ ಬಿಳುಚಿಕೊಂಡಿತ್ತು. ಮೊಟ್ಟೆ ಇಡುವ ಶ್ರಮ ಅಂದುಕೊಂಡೆ. ಯಾವ ಪ್ರಾಣಿಯಾದರೂ ತಾನು ಮಲಗುವ ಜಾಗಕ್ಕೆ ಹೋಗಲು ಹಿಂಜರಿದರೆ ಅಲ್ಲಿ ಏನೋ ಇದೆ ಅಂತಲೇ ಅರ್ಥ, ಅಲ್ವಾ? ಹೊಳೆಯಲಿಲ್ಲ.

ಸಂಜೆಯೊಳಗೆ ಮಾಡಬಹುದಾದದ್ದು ಇಷ್ಟೇ. ಕುದಿಯುವ ನೀರನ್ನು ಕೆಟಲಿನಿಂದ ನೇರವಾಗಿ ಸಂದಿಗಳಿಗೆ ಸುರಿದೆ. ಬಿಸಿ ತಾಗಿದ್ದು ಸಾಯುತ್ತದೆ, ತಾಗದ್ದು ಉಳಿಯುತ್ತದೆ. ಆಮೇಲೆ ಸೋಪಿನ ನೀರು ಹಾಕಿ ಉಜ್ಜಿದೆ. ಕೋಲುಗಳನ್ನು ಸದ್ಯಕ್ಕೆ ಅಂತ ಮತ್ತೆ ಇಟ್ಟೆ. ಕೋಳಿಗಳು ಎಲ್ಲಾದರೂ ಮಲಗಬೇಕಲ್ಲ. ಕತ್ತಲಾಗಿ ಎರಡು ಗಂಟೆ ಕಳೆದ ಮೇಲೆ ಟಾರ್ಚ್ ಹಿಡಿದು ಹೋಗಿ ಕೋಲಿನ ಅಡಿಮೈಯನ್ನು ಬಿಳಿ ಕಾಗದದಿಂದ ಒರೆಸಿದೆ. ನಾಲ್ಕು ಕೆಂಪು ಗೀರು. ಇಷ್ಟು ತೊಳೆದ ಮೇಲೂ.

ಮರುದಿನ ಕೂತು ಲೆಕ್ಕ ಹಾಕಿದೆ. ಬೆಚ್ಚಗಿನ ಕಾಲದಲ್ಲಿ ಈ ನುಸಿ ಮೊಟ್ಟೆಯಿಂದ ದೊಡ್ಡದಾಗಲು ಒಂದು ವಾರ, ಹತ್ತು ದಿನ ಸಾಕು. ಇಂದು ಇರುವುದನ್ನೆಲ್ಲ ಕೊಂದರೂ ಸಂದಿಯೊಳಗಿನ ಮೊಟ್ಟೆಗಳು ಒಡೆದು ಹೊಸದು ಬರುತ್ತವೆ. ಹಾಗಾಗಿ ವಾರಕ್ಕೊಂದರಂತೆ ಕನಿಷ್ಠ ಮೂರು ಸಲ ತೊಳೆಯಲೇಬೇಕು. ಕೋಳಿಗಳನ್ನು ಬೇರೆ ಕಡೆ ಇಟ್ಟು ಗೂಡು ಖಾಲಿ ಬಿಟ್ಟರೆ ಹಸಿವಿನಿಂದ ಸಾಯುತ್ತವೆ ಅಂತ ಅಂದುಕೊಳ್ಳುವಂತಿಲ್ಲ. ತಂಪಿದ್ದರೆ ಊಟವಿಲ್ಲದೆ ಎಂಟು ತಿಂಗಳವರೆಗೂ ಕಾಯುತ್ತವೆ. ಅಷ್ಟು ತಾಳ್ಮೆ ನನಗಿಲ್ಲ. ನುಸಿಯ ಮೈ ಒಣಗಿಸಿ ಕೊಲ್ಲುವ ಡಯಾಟಮ್ ಪುಡಿಯನ್ನೂ ಯೋಚಿಸಿ ಬಿಟ್ಟೆ. ಒದ್ದೆಯಾದರೆ ಅದು ಕೆಲಸ ಮಾಡುವುದಿಲ್ಲ, ಒಣಗಿದ್ದರೆ ಕೋಳಿಯ ಉಸಿರಿಗೂ ನನ್ನ ಉಸಿರಿಗೂ ದೂಳು.

ಮೂರು ಸಲ ತೊಳೆಯಬಹುದು. ಆದರೆ ಮೊಳೆ ಹೊಡೆದ ಕೋಲನ್ನು ಪ್ರತಿ ಸಲ ಕೀಳುವುದು, ಮತ್ತೆ ಹೊಡೆಯುವುದು? ಯೋಚನೆ ಅಲ್ಲಿಗೆ ಬಂದು ನಿಂತಿತು. ರಾಶಿಯ ಅಡಿಯ ಹೆಗ್ಗಣಕ್ಕೂ ಕೋಲಿನ ತುದಿಯ ನುಸಿಗೂ ಮನೆ ಕೊಟ್ಟದ್ದು ಒಂದೇ: ನನ್ನ ಕೈಗೆ, ಬ್ರಶ್ಶಿಗೆ, ಬೆಳಕಿಗೆ ಸಿಗದ ಸಂದಿ. ಹಾಗಾದರೆ ಗೂಡಿನಲ್ಲಿ ಸಂದಿ ಇರಲೇಬಾರದು. ಇರಲೇಬೇಕಾದರೆ ಬ್ರಶ್ ಸಲೀಸಾಗಿ ಓಡಾಡುವಷ್ಟು ದೊಡ್ಡದಿರಬೇಕು. ಈ ಒಂದು ಅಳತೆ ಹಿಡಿದು ಒಳಗಿನದೆಲ್ಲ ಹೊಸದಾಗಿ ಮಾಡಿದೆ.

ವಾರದ ಸಂಜೆಗಳು: ಬಡಗಿ ಕೆಲಸ

ಎರಡು ಕೋಲಿನ ಬದಲು ಒಂದೇ ಉದ್ದ ಕೋಲು. ಒಂದು ಕೋಳಿಗೆ ಹತ್ತು ಇಂಚು ಅಂದರೆ ಆರಕ್ಕೆ ಐದು ಅಡಿ. ನನ್ನ ಗೋಡೆಯಿಂದ ಗೋಡೆಗೆ ಆರು ಅಡಿ ಇದೆ, ಒಂದಡಿ ಧಾರಾಳ. ಏಣಿ ಹೋದರೆ ಮೇಲಿನ ಮೆಟ್ಟಿಲಿಗಾಗಿ ರಾತ್ರಿಯ ಜಗಳವೂ ಹೋಗುತ್ತದೆ ಅಂತ ಆಸೆ.

ಉಳಿಸಿಕೊಂಡ ಹಲಗೆಗಳಲ್ಲಿ ಎರಡು ಇಂಚು ಅಗಲ, ಮೂರು ಇಂಚು ದಪ್ಪದ ನೇರ ಮರ ಒಂದಿತ್ತು. ಮೇಲಿನ ಅಂಚುಗಳನ್ನು ಕೀಸುಳಿಯಿಂದ ದುಂಡಗೆ ಮಾಡಿ ಉಪ್ಪುಕಾಗದ ಹಾಕಿದೆ. ಗಂಟು, ಸಿಬಿರು ಇದ್ದರೆ ಪಾದಕ್ಕೆ ಚುಚ್ಚಿ ಬಾವು ಬರುತ್ತದೆ. ಎರಡು ಗೋಡೆಗೂ ಒಂದೊಂದು ಮರದ ತುಂಡು, ಅದರಲ್ಲಿ ಮೇಲಿಂದ ಕಚ್ಚು. ಕೋಲು ಕಚ್ಚಿನಲ್ಲಿ ಸುಮ್ನೆ ಕೂರುತ್ತದೆ. ಮೊಳೆ ಇಲ್ಲ, ಸ್ಕ್ರೂ ಇಲ್ಲ. ಎತ್ತಿದರೆ ಕೈಗೆ ಬರಬೇಕು.

ಕಚ್ಚು ಮೂರು ಸಲ ಮಾಡಿದೆ. ಮೊದಲನೆಯದು ಅಚ್ಚುಕಟ್ಟಾಗಿತ್ತು, ಕೋಲಿನ ಅಗಲಕ್ಕೆ ಕೂದಲೆಳೆ ಜಾಸ್ತಿ. ಹೆಮ್ಮೆಪಟ್ಟು ನೀರು ಹಾಕಿ ತೊಳೆದೆ. ಮರ ಉಬ್ಬಿತು, ಕೋಲು ಹಿಡಿದುಕೊಂಡಿತು. ಸುತ್ತಿಗೆಯಿಂದ ಕೆಳಗಿನಿಂದ ಹೊಡೆದು ಬಿಡಿಸಬೇಕಾಯಿತು. ಎರಡನೆಯ ಸಲ ಕಾಲಿಂಚು ಸಡಿಲ ಬಿಟ್ಟೆ. ಸುಲಭವಾಗಿ ಬಂತು, ಆದರೆ ಅಲುಗಾಡುತ್ತಿತ್ತು. ಅಲುಗುವ ಕೋಲಿನ ಮೇಲೆ ಕೋಳಿ ನೆಮ್ಮದಿಯಾಗಿ ಕೂರುವುದಿಲ್ಲ, ರಾತ್ರಿಯಿಡೀ ಕಾಲು ಬಿಗಿಹಿಡಿದು ತೂಗಾಡುತ್ತದೆ. ಮೂರನೆಯದು ಬೆಣೆಯ ಆಕಾರ: ಮೇಲೆ ಎರಡೂವರೆ ಇಂಚು, ಕೆಳಗೆ ಎರಡಕ್ಕಿಂತ ಕಾಲಿಂಚು ಕಮ್ಮಿ. ಕೋಲಿನ ತುದಿಗಳನ್ನೂ ಅದೇ ಓರೆಗೆ ಹೆರೆದೆ. ಈಗ ತೂಕ ಬಿದ್ದಷ್ಟೂ ತಾನೇ ಬಿಗಿಯಾಗುತ್ತದೆ. ಮರ ಉಬ್ಬಿದರೆ ಕೂದಲೆಳೆ ಮೇಲೆ ಕೂರುತ್ತದೆ, ಅಷ್ಟೇ. ಎತ್ತಿದರೆ ಬರುತ್ತದೆ. ಈ ಪುಟ್ಟ ಓರೆಗೆ ಮೂರು ಸಂಜೆ ಹೋಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದೂ ಅದೇ.

ಕೋಲಿನ ಎತ್ತರ ಮೂವತ್ತು ಇಂಚು. ಮೊಟ್ಟೆಪೆಟ್ಟಿಗೆಗಳ ಅಂಚು ಹದಿನೆಂಟರಲ್ಲಿದೆ. ಕೋಳಿಗೆ ಇರುವುದರಲ್ಲೇ ಎತ್ತರದ ಜಾಗ ಬೇಕು. ಕೋಲು ಕೆಳಗಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಬೆಳಗಿನ ಮೊಟ್ಟೆ ಹಿಕ್ಕೆಯ ಮೇಲೆ ಬೀಳುತ್ತದೆ.

ಕೋಲಿನ ಕೆಳಗೆ ಎಂಟು ಇಂಚು ಬಿಟ್ಟು ಹಿಕ್ಕೆ ಹಲಗೆ. ರಾತ್ರಿಯ ಹಿಕ್ಕೆಯೆಲ್ಲ ಕೋಲಿನ ಕೆಳಗೇ ಬೀಳುವುದರಿಂದ ಅದನ್ನು ಅಲ್ಲೇ ಹಿಡಿದರೆ ನೆಲ ಹೆಚ್ಚು ದಿನ ಒಣಗಿರುತ್ತದೆ. ಮುರಿದ ಕಪಾಟಿನ ಕದಕ್ಕೆ ಕೊನೆಗೂ ಕೆಲಸ ಸಿಕ್ಕಿತು. ನುಣುಪಾದ ಸನ್ಮೈಕಾ ಮೈ, ಒಂದೇ ಎಳೆತಕ್ಕೆ ಎಲ್ಲ ಬಿಟ್ಟುಕೊಳ್ಳುತ್ತದೆ. ಇಪ್ಪತ್ತು ಇಂಚು ಅಗಲದ ಎರಡು ತುಂಡು ಮಾಡಿದೆ, ಒಂದೊಂದು ಹೆಚ್ಚುಕಡಿಮೆ ಮೂರು ಅಡಿ. ಒಂದೇ ಉದ್ದ ಹಲಗೆಯಾದರೆ ತುಂಬಿದ ಮೇಲೆ ಎತ್ತಲು ಇಬ್ಬರು ಬೇಕು. ಕತ್ತರಿಸಿದ ಅಂಚಿಗೆ ಎರಡು ಕೋಟ್ ಬಣ್ಣ ಕೊಟ್ಟೆ, ಇಲ್ಲದಿದ್ದರೆ ನೀರು ಕುಡಿದು ಬಿಸ್ಕತ್ತಿನಂತೆ ಉಬ್ಬುತ್ತದೆ.

ಈ ಹಲಗೆ ಜಾರಲು ಗೋಡೆಗೆ ರೀಪರ್ ಬೇಕು. ರೀಪರನ್ನು ಗೋಡೆಗೆ ಒತ್ತಿ ಹೊಡೆದರೆ ಅದರ ಹಿಂದೆ ಮತ್ತೆ ಅದೇ ಸಂದಿ. ಇಲ್ಲಿ ನನ್ನ ಅಳತೆ ನೆನಪಾಯಿತು. ಪ್ರತಿ ಸ್ಕ್ರೂಗೂ ಅರ್ಧ ಇಂಚಿನಷ್ಟು ವಾಷರ್ ಪೇರಿಸಿ ರೀಪರನ್ನು ಗೋಡೆಯಿಂದ ದೂರ ನಿಲ್ಲಿಸಿದೆ. ಬಾಟಲಿ ತೊಳೆಯುವ ಬ್ರಶ್ ಹಿಂದೆ ಪೂರ್ತಿ ಓಡಾಡುತ್ತದೆ. ಕಚ್ಚಿನ ತುಂಡುಗಳಿಗೆ ಭಾರ ಜಾಸ್ತಿ, ಅವನ್ನು ದೂರ ನಿಲ್ಲಿಸುವಂತಿಲ್ಲ. ಗೋಡೆಗೆ ಬಿಗಿದು ಸುತ್ತ ಸೀಲಂಟ್ ತುಂಬಿದೆ. ಉಬ್ಬುವ ಫೋಮ್ ಹಾಕಬೇಡಿ. ಕೋಳಿಯ ಕಣ್ಣಿಗೆ ಅದೂ ಥರ್ಮೋಕೋಲೇ.

ಉಮೇದಿನಲ್ಲಿ ಸೂರಿನ ಕೆಳಗಿನ ಗಾಳಿಕಿಂಡಿಯನ್ನೂ ಮುಚ್ಚಲು ಹೊರಟಿದ್ದೆ. ಸೀಲಂಟ್ ಬಂದೂಕು ಕೈಲಿದ್ದರೆ ಎಲ್ಲವೂ ಬಿರುಕಿನಂತೆಯೇ ಕಾಣುತ್ತದೆ. ಅಮೋನಿಯ, ಉಸಿರಿನ ತೇವ ಹೊರಗೆ ಹೋಗುವುದು ಅಲ್ಲಿಂದಲೇ. ಅದನ್ನು ಬಿಟ್ಟು, ಜಾಲರಿ ಮಾತ್ರ ಬದಲಿಸಿದೆ. ಹಳೆಯದು ಆರು ಮೂಲೆ ಕಣ್ಣಿನ ತೆಳು ಕೋಳಿಬಲೆ. ಅದು ಕೋಳಿಯನ್ನು ಒಳಗಿಡುತ್ತದೆ, ಹೆಗ್ಗಣವನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿಗೆ ಹೆಗ್ಗಣ ನಿಲ್ಲುತ್ತದೆ. ಸುಂಡಿಲಿಯೂ ನಿಲ್ಲಬೇಕಾದರೆ ಕಾಲಿಂಚು ಬೇಕು. ಈ ಸಲ ಕತ್ತರಿಸುವಾಗ ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿದೆ. ನಲವತ್ತಮೂರು ತುಂಡು ಹೆಕ್ಕಿದವನಿಗೆ ಬುದ್ಧಿ ಹೇಳಬೇಕಿಲ್ಲ.

ಎರಡನೇ ವಾರಾಂತ್ಯ: ಸುಣ್ಣ, ಮತ್ತು ಬೂದಿಯ ಹಟ

ಎರಡನೇ ತೊಳೆತದ ಹೊತ್ತಿಗೂ ಬೂದಿ ಎಂಬ ಹೆಸರಿನ ಕೋಳಿ ಕಾವಿಗೆ ಕೂತೇ ಇದ್ದಳು. ಹಗಲು ಉದ್ದವಾಗುವ ಕಾಲದಲ್ಲಿ ಇದು ಸಹಜ. ಹುಂಜ ಇಲ್ಲ, ಮೊಟ್ಟೆಯಲ್ಲಿ ಜೀವ ಇಲ್ಲ, ಇಪ್ಪತ್ತೊಂದು ದಿನ ಕೂತರೂ ಮರಿ ಬರುವುದಿಲ್ಲ. ಅವಳಿಗೆ ಅದನ್ನು ಹೇಳುವವರು ಯಾರು? ಮೊದಲ ವಾರ ಪಾಪ ಅಂತ ಅವಳ ಪೆಟ್ಟಿಗೆಯೊಂದನ್ನು ಬಿಟ್ಟು ಮಿಕ್ಕ ಎರಡನ್ನು ಮಾತ್ರ ತೊಳೆದಿದ್ದೆ. ಅದು ದೊಡ್ಡ ತಪ್ಪು. ಕಾವಿನ ಕೋಳಿ ಹಗಲೂ ರಾತ್ರಿ ಕತ್ತಲ ಪೆಟ್ಟಿಗೆಯಲ್ಲಿ ಅಲುಗದೆ ಕೂರುತ್ತದೆ. ನುಸಿಗೆ ಅದಕ್ಕಿಂತ ಒಳ್ಳೆಯ ಊಟ ಎಲ್ಲಿದೆ? ಅವಳನ್ನು ಎತ್ತಿದಾಗ ಪೆಟ್ಟಿಗೆಯ ಮೂಲೆಗಳು ಬೂದಿ ಬಣ್ಣಕ್ಕಿದ್ದವು. ಅವಳ ಜುಟ್ಟು ಚುಕ್ಕಿಯದಕ್ಕಿಂತ ಬಿಳಿ. ಅವಳನ್ನು ತಳಕ್ಕೆ ಜಾಲರಿ ಇರುವ, ಹಾಸಿಗೆ ಇಲ್ಲದ ಬೋನಿಗೆ ಹಾಕಿ ನೀರು, ಕಾಳು ಇಟ್ಟೆ. ಹೊಟ್ಟೆಯಡಿ ಗಾಳಿಯಾಡಿದರೆ ಕಾವು ಇಳಿಯುತ್ತದೆ. ಮೂರು ದಿನ ನನ್ನನ್ನು ಬೈದಳು. ನಾಲ್ಕನೇ ದಿನ ಉಳಿದವರ ಜೊತೆ ಮಣ್ಣು ಕೆದಕುತ್ತಿದ್ದಳು. ಜುಟ್ಟು ಕೆಂಪೇರದೆ ಹೋದರೆ ಪಶುವೈದ್ಯರ ಹತ್ತಿರ ಹೋಗುವುದು ಅಂತ ಇತ್ತು, ಅದರ ಅಗತ್ಯ ಬರಲಿಲ್ಲ. ಔಷಧ ಹಾಕುವುದಾದರೂ ಅವರನ್ನೇ ಕೇಳಬೇಕು. ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನುವುದು ಔಷಧದಿಂದ ಔಷಧಕ್ಕೆ ಬೇರೆ.

ಗೂಡು ಪೂರ್ತಿ ಒಣಗಿದ ಮೇಲೆ ಸುಣ್ಣ ಹೊಡೆದೆ. ಅರಳಿದ ಸುಣ್ಣವನ್ನು ಹಾಲಿನಷ್ಟು ತೆಳ್ಳಗೆ ಕಲಸಿ, ತೆಳು ಕೋಟ್ ಮೂರು. ದಪ್ಪಗೆ ಒಂದೇ ಸಲ ಬಳಿದರೆ ಒಣಗಿ ಸಿಪ್ಪೆ ಏಳುತ್ತದೆ. ಸುಣ್ಣ ಸಣ್ಣ ಬಿರುಕುಗಳಿಗೆ ಇಳಿದು ಮುಚ್ಚುತ್ತದೆ. ಗೋಡೆ ಬೆಳ್ಳಗಾದರೆ ನುಸಿ ಇದ್ದರೂ ಕಾಣುತ್ತದೆ. ಹಸಿ ಸುಣ್ಣ ಕಣ್ಣಿಗೆ, ಚರ್ಮಕ್ಕೆ, ಕೋಳಿಯ ಪಾದಕ್ಕೆ ಸುಡುತ್ತದೆ. ಕನ್ನಡಕ, ಗ್ಲೌಸ್ ಹಾಕಿಕೊಂಡೆ. ಕೋಳಿಗಳನ್ನು ಒಂದು ರಾತ್ರಿ ರಟ್ಟಿನ ಪೆಟ್ಟಿಗೆಗಳಲ್ಲಿ, ಗಾಳಿಗೆ ತೂತು ಮಾಡಿ, ಶೆಡ್‌ನಲ್ಲಿ ಮಲಗಿಸಿದೆ. ಬೆಳಿಗ್ಗೆ ಆ ಪೆಟ್ಟಿಗೆಗಳನ್ನು ಸುಟ್ಟೆ. ಅದರ ಮಡಿಕೆಗಳೂ ಸಂದಿಯೇ ತಾನೇ.

ಹೊಸ ಗೂಡಿಗೆ ಕೋಳಿಗಳ ಸ್ವಾಗತ? ಯಾರೂ ಒಳಗೆ ಹೋಗಲಿಲ್ಲ. ಕತ್ತಲಾದ ಮೇಲೆ ಗೂಡಿನ ಸೂರಿನ ಮೇಲೆ ನಾಲ್ಕು, ಬೇಲಿಯ ಮೇಲೆ ಒಂದು. ಕೋಳಿಗೆ ಇರುಳಲ್ಲಿ ಕಣ್ಣು ಸರಿಯಾಗಿ ಕಾಣದು, ಹಾಗಾಗಿ ಹಿಡಿಯುವುದು ಸುಲಭ. ಒಂದೊಂದನ್ನೇ ಎತ್ತಿ ಹೊಸ ಕೋಲಿನ ಮೇಲೆ ಕೂರಿಸಿದೆ. ಎರಡು ರಾತ್ರಿ ಇದೇ ಕೆಲಸ. ಮೂರನೇ ಸಂಜೆ ಯಜಮಾನಿ ಕೋಳಿ ಮೊದಲು ಹೋದಳು, ಮಧ್ಯದಲ್ಲಿ ಕೂತಳು. ಮಿಕ್ಕವು ಅಕ್ಕಪಕ್ಕ ಸೇರಿದವು. ಜಗಳ ಹೋಗಿಲ್ಲ, ಮೇಲೆ ಕೆಳಗೆ ಇದ್ದದ್ದು ಈಗ ಎಡ ಬಲ ಆಗಿದೆ.

ನಡುವೆ ಸಣ್ಣಪುಟ್ಟವು. ಆಹಾರದ ಪ್ಲಾಸ್ಟಿಕ್ ಡಬ್ಬಿಯ ಮೂಲೆ ಹೆಗ್ಗಣ ಕಡಿದಿತ್ತು, ತಗಡಿನ ಡ್ರಮ್‌ಗೆ ಬದಲಾಯಿಸಿದೆ. ತಳದಲ್ಲಿ ಬೂಷ್ಟು ಹಿಡಿದು ಗಟ್ಟಿಯಾಗಿದ್ದ ಆಹಾರ ಎಸೆದೆ. ಬಿಸಿಲಿಗೆ ಹಾಕಿ ಒಣಗಿಸಿದರೆ ಬೂಷ್ಟು ಸಾಯಬಹುದು, ಅದು ಬಿಟ್ಟ ವಿಷ ಹೋಗುವುದಿಲ್ಲ. ಮನೆಯೊಳಗೆ ಪೇರಿಸಿಟ್ಟ ಮೊಟ್ಟೆ ಟ್ರೇಗಳಲ್ಲಿ ಕಲೆ ಇದ್ದವೆಲ್ಲ ಹೋದವು. ಹಿತ್ತಲ ಚಪ್ಪಲಿ ಇನ್ನು ಬಾಗಿಲಾಚೆಯೇ. ಉಳಿಸಿಕೊಂಡ ಹಲಗೆಗಳನ್ನು ನೆಲದಿಂದ ಒಂದೂವರೆ ಅಡಿ ಎತ್ತರದ ಕಬ್ಬಿಣದ ಕಾಲುಗಳ ಮೇಲೆ ಜೋಡಿಸಿದೆ. ಅಡಿಯಲ್ಲಿ ಬೆಳಕು ಬೀಳುತ್ತದೆ. ಆ ನೆರಳಲ್ಲಿ ಕೋಳಿಗಳು ಈಗಾಗಲೇ ಗುಳಿ ತೋಡಿ ದೂಳುಸ್ನಾನ ಶುರುಮಾಡಿವೆ.

ಮೂರನೇ ವಾರ

ಮೂರನೇ ತೊಳೆತಕ್ಕೆ ಹಿಡಿದದ್ದು ನಲವತ್ತು ನಿಮಿಷ. ಕೋಲು ಎತ್ತಿ ಹೊರಗೆ, ಹಲಗೆ ಎಳೆದು ಹೊರಗೆ, ಕುದಿನೀರು, ಸೋಪು, ಬ್ರಶ್, ಬಿಸಿಲು. ದಿನಾ ಬೆಳಿಗ್ಗೆ ಹಿಕ್ಕೆ ಹಲಗೆ ಕೆರೆಯುವುದಕ್ಕೆ ಎರಡು ನಿಮಿಷ. ಮಂಡಿಯೂರಿ ಮೂಗು ಹಾಕಿದರೆ ಮರದ ಹೊಟ್ಟಿನ ವಾಸನೆ ಮಾತ್ರ.

ಇಪ್ಪತ್ತೊಂದನೇ ರಾತ್ರಿ ಟಾರ್ಚ್, ಬಿಳಿ ಕಾಗದ. ಕೋಲಿನ ಅಡಿಮೈ ಸ್ವಚ್ಛ. ಕಚ್ಚು ಸ್ವಚ್ಛ. ರೀಪರ್ ಹಿಂದೆ ಸ್ವಚ್ಛ. ಮೊಟ್ಟೆಪೆಟ್ಟಿಗೆಯ ಮೂಲೆಯೂ ಸ್ವಚ್ಛ. ವಾಪಸ್ ಬರುವಾಗ ಸುಮ್ನೆ ಕಾಗದವನ್ನು ಬಾಗಿಲ ಕೀಲಿನ ಮೇಲೆ ಎಳೆದೆ. ಒಂದು ಕೆಂಪು ಗೀರು.

ಕೀಲು! ಗೂಡಿನ ಒಳಗೆಲ್ಲ ಬಿಚ್ಚಿದ್ದೆ, ಬಾಗಿಲ ಮೂರು ಕೀಲುಗಳನ್ನು ಮುಟ್ಟಿಯೇ ಇರಲಿಲ್ಲ. ತಗಡಿನ ಎರಡು ರೆಕ್ಕೆ, ನಡುವೆ ಕಾಗದ ತೂರುವಷ್ಟು ಜಾಗ, ಕೋಲಿನಿಂದ ಒಂದು ಮೊಳ ದೂರ. ಬೆಳಿಗ್ಗೆ ಮೂರನ್ನೂ ಬಿಚ್ಚಿ ಕುದಿಯುವ ನೀರಿನ ಪಾತ್ರೆಗೆ ಹಾಕಿದೆ. ಮರದ ಕಡೆಯ ಗುರುತಿಗೆ ಸುಣ್ಣ ಬಳಿದೆ, ಕೀಲಿಗೆ ಎಣ್ಣೆ ಬಿಟ್ಟು ಕೂರಿಸಿದೆ. ಬಿಚ್ಚಿದ ಹನ್ನೆರಡು ಸ್ಕ್ರೂಗಳನ್ನು ಬಟ್ಟಲಲ್ಲಿ ಎಣಿಸಿಟ್ಟಿದ್ದೆ, ಹನ್ನೆರಡೂ ವಾಪಸ್ ಹೋದವು. ಬರುವ ಶನಿವಾರ ರಾತ್ರಿ ಮತ್ತೆ ಕಾಗದ ಹಿಡಿದು ಹೋಗಬೇಕು.